ದಿನಕ್ಕೆ ಹತ್ತು ನಿಮಿಷ, ನಲವತ್ತೊಂದು ಲೆಕ್ಕ

ಮೂಲ ಲೆಕ್ಕ ಪಕ್ಕಾ ಆಗಲು ಆ್ಯಪ್ ಬಳಸುವುದು ಹೇಗೆ? ಶಿಕ್ಷಕರಿಗೆ, ಪೋಷಕರಿಗೆ ಒಂದು ಕೈಪಿಡಿ

ಐದನೇ ತರಗತಿಯ ಮಗುವಿಗೆ 47×8 ಕೊಟ್ಟು ನೋಡಿ. ವಿಧಾನ ಅದಕ್ಕೆ ಗೊತ್ತಿದೆ: ಬಿಡಿಯಿಂದ ಶುರು ಮಾಡಬೇಕು, ದಶಕ ಕೈಯಲ್ಲಿಟ್ಟುಕೊಳ್ಳಬೇಕು, ಮುಂದಿನದಕ್ಕೆ ಕೂಡಿಸಬೇಕು. ಆದರೆ ಏಳೆಂಟ್ಲಿ ಎಷ್ಟು ಎನ್ನುವಲ್ಲಿ ಪೆನ್ಸಿಲು ನಿಂತುಬಿಡುತ್ತದೆ. ಬೆರಳು ಮಡಚುತ್ತಾ ಎಂಟು, ಹದಿನಾರು, ಇಪ್ಪತ್ನಾಲ್ಕು ಎಂದು ಏರುತ್ತಾ ಹೋಗುತ್ತದೆ. ಐವತ್ತಾರು ಮುಟ್ಟುವ ಹೊತ್ತಿಗೆ ಯಾವ ಅಂಕಿ ಬರೆಯಬೇಕಿತ್ತು, ಯಾವುದನ್ನು ಕೈಯಲ್ಲಿಟ್ಟುಕೊಳ್ಳಬೇಕಿತ್ತು ಎಂಬುದೇ ಮರೆತಿರುತ್ತದೆ. ಉತ್ತರ ತಪ್ಪಾದ ಕೂಡಲೇ ನಾವು ‘ಇವಂಗ ಗುಣಾಕಾರ ಬರಂಗಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಗುಣಾಕಾರ ಬರುತ್ತದೆ, ಏಳೆಂಟ್ಲಿ ಐವತ್ತಾರು ಎಂಬುದು ಬರುವುದಿಲ್ಲ, ಅಷ್ಟೇ.

ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯಿರಲಿ, ಹುಮನಾಬಾದ್ ಪಟ್ಟಣವಿರಲಿ, ಬೆಂಗಳೂರಿನ ಬಡಾವಣೆಯಿರಲಿ, ಪ್ರಾಥಮಿಕ ಶಾಲೆಯ ಗಣಿತ ಎಡವುವ ಜಾಗ ಹೆಚ್ಚಾಗಿ ಇದೇ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಂತೆ, ದೇಶದಲ್ಲಿ ದಶಕ ತೆಗೆದುಕೊಂಡು ಎರಡಂಕಿಯ ವ್ಯವಕಲನ ಮಾಡಬಲ್ಲ ಮೂರನೇ ತರಗತಿಯ ಮಕ್ಕಳು ಶೇ 33.7ರಷ್ಟು. ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲ ಐದನೇ ತರಗತಿಯ ಮಕ್ಕಳು ಶೇ 30.7ರಷ್ಟು. ಅದೇ ವರದಿ ಇನ್ನೊಂದು ಮಾತನ್ನೂ ಹೇಳುತ್ತದೆ: 14ರಿಂದ 16 ವಯಸ್ಸಿನ ಗ್ರಾಮೀಣ ಮಕ್ಕಳಲ್ಲಿ ಶೇ 90ರ ಆಸುಪಾಸು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಕಲಿಕೆಗಾಗಿ ಅದನ್ನು ಬಳಸಿದ್ದೇವೆ ಎಂದವರಿಗಿಂತ ಸಾಮಾಜಿಕ ಜಾಲತಾಣಕ್ಕೆ ಬಳಸಿದ್ದೇವೆ ಎಂದವರೇ ಹೆಚ್ಚು.

ಹೀಗೆ ಮನೆಯಲ್ಲಿ ಸಾಧನವಿದೆ, ಮಗುವಿಗೆ ಅಭ್ಯಾಸ ಬೇಕಾಗಿದೆ. ಇವೆರಡನ್ನು ಸೇರಿಸುವಾಗ ಒಂದೇ ಸೂತ್ರ ನೆನಪಿಟ್ಟುಕೊಂಡರೆ ಸಾಕು: ಮತ್ತೆ ಮತ್ತೆ ಕೇಳುವ ಕೆಲಸವನ್ನು ಆ್ಯಪ್‌ಗೆ ಒಪ್ಪಿಸಿ, ಈ ವಾರ ಯಾವ ಯಾವ ಲೆಕ್ಕ ಎಂಬ ತೀರ್ಮಾನವನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.

ಕಲಿಯಬೇಕಾದ್ದು ಎಷ್ಟು?

ಮಗ್ಗಿಯ ಪುಸ್ತಕ ನೋಡಿದರೆ ಮಗುವಿಗೆ ದಿಗಿಲು. ಒಂದರಿಂದ ಹತ್ತರವರೆಗೆ ನೂರು ಸಾಲು. ಲೆಕ್ಕ ಹಾಕಿದರೆ ಹೊರೆ ಅಷ್ಟಿಲ್ಲ. 3×7 ಗೊತ್ತಿದ್ದವರಿಗೆ 7×3 ಬೇರೆ ಕಲಿಯಬೇಕಿಲ್ಲ. ಹೀಗೆ ಜೋಡಿಗಳನ್ನು ಒಂದು ಮಾಡಿದರೆ ನೂರು ಐವತ್ತೈದಕ್ಕೆ ಇಳಿಯುತ್ತದೆ. ಒಂದು, ಎರಡು, ಐದು, ಹತ್ತರ ಮಗ್ಗಿಗಳು ಬಹುತೇಕ ಮಕ್ಕಳಿಗೆ ಸಲೀಸಾಗಿ ಬರುತ್ತವೆ, ಅವನ್ನೂ ತೆಗೆಯಿರಿ. ಉಳಿಯುವುದು 3, 4, 6, 7, 8, 9ರ ನಡುವಿನ 21 ಗುಣಲಬ್ಧ ಮಾತ್ರ: ಮೂರ್ಮೂರ್ಲಿ ಒಂಬತ್ತರಿಂದ ಒಂಬತ್ತೊಂಬತ್ಲಿ ಎಂಬತ್ತೊಂದರವರೆಗೆ.

ಕೂಡುವ ಲೆಕ್ಕಕ್ಕೂ ಇದೇ ಜರಡಿ ಹಿಡಿಯಬಹುದು. ಒಂದಂಕಿ ಸಂಖ್ಯೆಗಳನ್ನು ಕೂಡಿಸುವಾಗ ಮಕ್ಕಳು ತಡವರಿಸುವುದು ಮೊತ್ತ ಹತ್ತನ್ನು ದಾಟಿದಾಗ: 8+6, 7+5, 9+4. ಅಂಥ ಜೋಡಿಗಳು ಎಣಿಸಿ 20. ಇಪ್ಪತ್ತೂ ಬಂದವೆಂದರೆ 14–6, 12–5ರಂಥ ಕಳೆಯುವ ಲೆಕ್ಕಗಳೂ ಅವುಗಳ ಬೆನ್ನಿಗೇ ಬರುತ್ತವೆ. ಹಾಗೆಯೇ 7×8 ಬಂದರೆ 56÷8, 56÷7 ಎರಡೂ ಕೈಸೇರಿದವು.

ಇಪ್ಪತ್ತೊಂದಕ್ಕೆ ಇಪ್ಪತ್ತು ಸೇರಿಸಿದರೆ ನಲವತ್ತೊಂದು. ವಾರಕ್ಕೆ ನಾಲ್ಕರಂತೆ ಕಲಿತರೂ ಹನ್ನೊಂದು ವಾರದ ಕೆಲಸ. ಜೂನ್‌ನಲ್ಲಿ ಶುರು ಮಾಡಿದರೆ ನಡುವೆ ಹಬ್ಬ, ಮಳೆ, ಜ್ವರ ಎಲ್ಲ ಕಳೆದರೂ ದಸರಾ ರಜೆಯೊಳಗೆ ಮುಗಿಯುತ್ತದೆ.

ಮೊದಲ ದಿನವೇ ಆ್ಯಪ್ ತೆರೆಯಬೇಡಿ. ಈ 41 ಲೆಕ್ಕಗಳನ್ನು ಒಂದು ಹಾಳೆಯಲ್ಲಿ ಬರೆದು, ಸಾಲು ತಪ್ಪಿಸಿ ಒಂದೊಂದೇ ಕೇಳಿ. ಮೂರು ಸೆಕೆಂಡಿನೊಳಗೆ, ಬೆರಳು ಎಣಿಸದೆ ಹೇಳಿದರೆ ಟಿಕ್ ಹಾಕಿ. ಎಣಿಸಿ ಸರಿಯಾಗಿ ಹೇಳಿದರೆ ಚುಕ್ಕೆ ಇಡಿ. ತಪ್ಪಿದರೆ ಜಾಗ ಖಾಲಿ ಬಿಡಿ. ಹತ್ತು ನಿಮಿಷದ ಈ ಕೆಲಸದಿಂದ ಮಗುವಿನ ನಿಜವಾದ ಪಟ್ಟಿ ನಿಮ್ಮ ಕೈಗೆ ಬರುತ್ತದೆ. ಕೆಲವರಿಗೆ ಅದು ಹತ್ತಿರಬಹುದು, ಕೆಲವರಿಗೆ ಮೂವತ್ತು. ಆ್ಯಪ್ ಬೇಕಿರುವುದು ಈ ಪಟ್ಟಿಗೆ.

ಮಗ್ಗಿ ಕೂಗಿಸುವುದು ಸಾಲದೇ?

ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಗ್ಗಿ ಕೂಗಿಸುವ ಪದ್ಧತಿ ಇನ್ನೂ ಹಲವು ಶಾಲೆಗಳಲ್ಲಿದೆ. ಅದನ್ನು ಬಿಡಬೇಕಿಲ್ಲ. ಲಯದ ಜೊತೆಗೆ ಬಂದದ್ದು ನಾಲಿಗೆಯ ಮೇಲೆ ನಿಲ್ಲುತ್ತದೆ. ಆದರೆ ಸಾಲು ಹಿಡಿದು ಕಲಿತ ಮಗ್ಗಿ ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಬಸ್ಸಿನಂತೆ; ಏಳೆಂಟ್ಲಿ ಕೇಳಿದರೆ ಮಗು ಏಳೊಂದ್ಲಿಯಿಂದ ಹೊರಟು ಬರಬೇಕು. ಲೆಕ್ಕ ಮಾಡುವಾಗ ಬೇಕಿರುವುದು ನಡುವಿನ ಒಂದೇ ಒಂದು ಉತ್ತರ. ಸಾಲು ಒಡೆದು, ಯಾವುದರ ನಂತರ ಯಾವುದು ಬರುತ್ತದೆಂದು ತಿಳಿಯದಂತೆ ಕೇಳುವ ಅಭ್ಯಾಸ ಇಲ್ಲಿ ಅಗತ್ಯ. ಹಾಗೆ ಕೇಳಲು, ಕೇಳಿದ್ದನ್ನೇ ಬೇಸರವಿಲ್ಲದೆ ನಾಳೆಯೂ ಕೇಳಲು, ಉತ್ತರ ಸರಿಯೋ ತಪ್ಪೋ ಎಂದು ಆ ಕ್ಷಣದಲ್ಲೇ ಹೇಳಲು ಯಂತ್ರ ಒಳ್ಳೆಯ ಜೊತೆಗಾರ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕರು ಒಬ್ಬೊಬ್ಬರಿಗೂ ದಿನಕ್ಕೆ ಮೂವತ್ತು ಪ್ರಶ್ನೆ ಕೇಳಿ ಉತ್ತರ ತಿದ್ದುವುದು ಆಗುವ ಮಾತಲ್ಲ.

ಆ್ಯಪ್‌ಗಿಂತ ಮೊದಲು ಕಡ್ಡಿ, ಕಾಳು

ಅರ್ಥವಾಗದ್ದನ್ನು ಅಭ್ಯಾಸ ಮಾಡಿಸಿದರೆ ಬಹುಬೇಗ ಮರೆತುಹೋಗುತ್ತದೆ. 8+6 ಕಲಿಯುವ ಮಗುವಿನ ಮುಂದೆ ಎಂಟು ತೊಗರಿ ಕಾಳು, ಆರು ತೊಗರಿ ಕಾಳು ಇಡಿ. ಆರರಿಂದ ಎರಡನ್ನು ಎಂಟರ ಕಡೆ ಸರಿಸಲಿ. ಅಲ್ಲಿ ಹತ್ತು, ಇಲ್ಲಿ ನಾಲ್ಕು. ‘ಹತ್ತು ಮಾಡಿಕೊಳ್ಳುವ’ ಈ ಉಪಾಯ ಕೈಗೆ ಹತ್ತಿದರೆ ಇಪ್ಪತ್ತು ಜೋಡಿಯೂ ಒಂದೇ ದಾರಿಯಲ್ಲಿ ಬರುತ್ತವೆ. ಅದಕ್ಕೂ ಮೊದಲು ಹತ್ತಾಗುವ ಜೋಡಿಗಳು (1–9, 2–8, 3–7, 4–6, 5–5) ನಿದ್ದೆಯಲ್ಲಿ ಕೇಳಿದರೂ ಬರುವಂತಿರಬೇಕು.

ಗುಣಾಕಾರಕ್ಕೆ ಸಾಲುಗಳು. ಏಳು ಸಾಲು, ಸಾಲಿಗೆ ಎಂಟು ಚುಕ್ಕೆ. ಐದು ಸಾಲಿನ ಕೆಳಗೆ ಒಂದು ಗೆರೆ ಎಳೆಯಿರಿ: ಮೇಲೆ ಐದೆಂಟ್ಲಿ ನಲವತ್ತು, ಕೆಳಗೆ ಎರಡೆಂಟ್ಲಿ ಹದಿನಾರು, ಒಟ್ಟು ಐವತ್ತಾರು. ಗೊತ್ತಿರುವ ಮಗ್ಗಿಯಿಂದ ಗೊತ್ತಿಲ್ಲದ್ದಕ್ಕೆ ಹೋಗುವ ಈ ದಾರಿ ತಿಳಿದ ಮಗು, ಉತ್ತರ ಮರೆತರೂ ತಾನೇ ಕಟ್ಟಿಕೊಳ್ಳಬಲ್ಲದು.

ಬೀದರ್ ಭಾಗದ ಹಲವು ಸರ್ಕಾರಿ ಶಾಲೆಗಳ ಕಪಾಟಿನಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಇರಬಹುದು. ಬೆಂಗಳೂರಿನ ಅಕ್ಷರ ಫೌಂಡೇಶನ್ ಸಂಸ್ಥೆ ಸರ್ಕಾರದ ಜೊತೆಗೂಡಿ ನಡೆಸಿದ ‘ಗಣಿತ ಕಲಿಕಾ ಆಂದೋಲನ’ ಕಳೆದ ದಶಕದಲ್ಲಿ ಆಗಿನ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೂ ಬಂದಿತ್ತು. 4 ಮತ್ತು 5ನೇ ತರಗತಿಗಾಗಿ ಕೊಟ್ಟ ಆ ಕಿಟ್‌ನಲ್ಲಿ ಅಬ್ಯಾಕಸ್, ಹತ್ತರ ಕಡ್ಡಿ ಮತ್ತು ಬಿಡಿ ಘನಗಳು, ಭಿನ್ನರಾಶಿಯ ಪಟ್ಟಿಗಳು, ಆಟದ ನಾಣ್ಯ–ನೋಟುಗಳು ಇದ್ದವು. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ ಹೊರಗೆ ತೆಗೆಯಿರಿ. ಮೂರು ದಿನ ಅದರಲ್ಲಿ ಆಡಿದ ಮೇಲೆ ಆ್ಯಪ್‌ಗೆ ಬಂದರೆ ಅಭ್ಯಾಸದ ರುಚಿಯೇ ಬೇರೆ.

ಯಾವುದನ್ನು ಬಳಸಬಹುದು?

ಬಿಲ್ಡಿಂಗ್ ಬ್ಲಾಕ್ಸ್: ಇದೂ ಅಕ್ಷರ ಫೌಂಡೇಶನ್‌ನದೇ. ಆಂಡ್ರಾಯ್ಡ್ ಫೋನಿಗೆ ಉಚಿತ, ಕನ್ನಡದಲ್ಲಿದೆ, ಕಡಿಮೆ ಬೆಲೆಯ ಫೋನಿನಲ್ಲೂ ನಡೆಯುತ್ತದೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಕಾಗಿಲ್ಲ. ಶಾಲೆಯ ಪಠ್ಯದ ಕ್ರಮದಲ್ಲೇ ಆಟಗಳಿವೆ. ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರದ ಆಟಗಳನ್ನು ಮಾತ್ರ ಆರಿಸಿಕೊಡಿ. ಮಗುವಿಗೇ ಬಿಟ್ಟರೆ ಸುಲಭದ ಆಟವನ್ನೇ ಹತ್ತು ಸಲ ಆಡುತ್ತದೆ.

ದೀಕ್ಷಾ: ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ವೇದಿಕೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಅಭ್ಯಾಸಕ್ಕಿಂತ ಪಾಠವನ್ನು ಇನ್ನೊಮ್ಮೆ ತಿಳಿಯಲು ಇದು ಹೆಚ್ಚು ಉಪಯುಕ್ತ. ಶಾಲೆಯಲ್ಲೇ ಇಳಿಸಿಕೊಂಡು ಮನೆಯಲ್ಲಿ ನೋಡಬಹುದು.

ಖಾನ್ ಅಕಾಡೆಮಿ: ಕನ್ನಡದಲ್ಲೂ ಲಭ್ಯ, ಉಚಿತ. ಒಂದು ವಿಷಯ ಪಕ್ಕಾ ಆಗುವವರೆಗೆ ಪ್ರಶ್ನೆ ಕೊಡುವ ವ್ಯವಸ್ಥೆ ಚೆನ್ನಾಗಿದೆ. ಇಂಟರ್ನೆಟ್ ಸರಿಯಾಗಿ ಬರುವ ಶಾಲೆಗೆ, ಸ್ವಲ್ಪ ದೊಡ್ಡ ಮಕ್ಕಳಿಗೆ ಹೊಂದುತ್ತದೆ.

ಟಕ್ಸ್‌ಮ್ಯಾಥ್: ಹಳೆಯ ಕಂಪ್ಯೂಟರ್ ಮೂಲೆ ಸೇರಿರುವ ಶಾಲೆಗಳಿಗೆ ಇದು ವರ. ಮುಕ್ತ ತಂತ್ರಾಂಶ, ಪೂರ್ತಿ ಉಚಿತ, ಇಂಟರ್ನೆಟ್ ಬೇಡ. ಐಟಿ ಫಾರ್ ಚೇಂಜ್ ಸಂಸ್ಥೆ ಮತ್ತು ಶಿಕ್ಷಣ ಇಲಾಖೆ ಸೇರಿ ರಾಜ್ಯದ ಶಿಕ್ಷಕರಿಗೆ ಮುಕ್ತ ತಂತ್ರಾಂಶ ಪರಿಚಯಿಸಿದಾಗ ಹಲವರು ಇದನ್ನು ನೋಡಿದ್ದಾರೆ. ಆಟ ಹೀಗಿದೆ: ಆಕಾಶದಿಂದ ಉಲ್ಕೆಗಳು ಇಳಿಯುತ್ತವೆ, ಒಂದೊಂದರ ಮೇಲೂ ಒಂದು ಲೆಕ್ಕ. ಕೆಳಗೆ ಪೆಂಗ್ವಿನ್‌ಗಳ ಹಿಮದ ಮನೆಗಳು. ಸರಿಯುತ್ತರ ಒತ್ತಿ ಎಂಟರ್ ಹೊಡೆದರೆ ಉಲ್ಕೆ ಚೂರಾಗುತ್ತದೆ. ತಡವಾದರೆ ಮನೆ ಕರಗುತ್ತದೆ. ಬರೀ ಅಂಕಿಗಳ ಆಟವಾದ್ದರಿಂದ ಭಾಷೆಯ ತೊಡಕಿಲ್ಲ. ಯಾವ ಸಂಖ್ಯೆಗಳ ಲೆಕ್ಕ ಬರಬೇಕೆಂದು ಶಿಕ್ಷಕರೇ ಆರಿಸಬಹುದು.

ಇವಾವುದೂ ಇಲ್ಲದಿದ್ದರೂ ಚಿಂತೆಯಿಲ್ಲ. ಶಾಲೆಯ ಕಂಪ್ಯೂಟರ್‌ನ ಸ್ಪ್ರೆಡ್‌ಶೀಟ್‌ನಲ್ಲಿ ‘ರ‍್ಯಾಂಡ್‌ಬಿಟ್ವೀನ್’ ಎಂಬ ಸೂತ್ರ ಹಾಕಿದರೆ ಪ್ರತಿ ಸಲವೂ ಹೊಸ ಜೋಡಿ ಬರುತ್ತದೆ. 6ರಿಂದ 9ರ ನಡುವೆ ಎಂದು ಮಿತಿ ಕೊಟ್ಟರೆ ಕಷ್ಟದ ಮಗ್ಗಿಗಳ ಪ್ರಶ್ನೆಪತ್ರಿಕೆ ನಿಮಿಷದಲ್ಲಿ ಸಿದ್ಧ.

ಹೊಸ ಆ್ಯಪ್ ಒಂದನ್ನು ಯಾರಾದರೂ ಶಿಫಾರಸು ಮಾಡಿದರೆ, ಮಗುವಿಗೆ ಕೊಡುವ ಮುನ್ನ ನೀವೇ ಕೂತು ಐದು ಸಂಗತಿ ನೋಡಿ. ಒಂದು, ಉತ್ತರವನ್ನು ಮಗುವೇ ಒತ್ತಬೇಕೋ ಅಥವಾ ನಾಲ್ಕರಲ್ಲಿ ಒಂದನ್ನು ಆರಿಸಬೇಕೋ? ಆರಿಸುವುದರಲ್ಲಿ ಊಹೆಗೆ ಜಾಗವಿದೆ, ಒತ್ತುವುದೇ ಮೇಲು. ಎರಡು, ಅಭ್ಯಾಸದ ಲೆಕ್ಕಗಳನ್ನು ನೀವು ಸೀಮಿತಗೊಳಿಸಬಹುದೇ? ಮೂರು, ತಪ್ಪಿದ ಲೆಕ್ಕ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಬರುತ್ತದೆಯೇ? ನಾಲ್ಕು, ಗಡಿಯಾರವನ್ನು ಆಫ್ ಮಾಡಬಹುದೇ? ಐದು, ಒಂದು ನಿಮಿಷದಲ್ಲಿ ಎಷ್ಟು ಲೆಕ್ಕ ಮಾಡಿಸುತ್ತದೆ? ಬಲೂನು ಹಾರಿಸುವುದು, ನಾಣ್ಯ ಗಳಿಸುವುದು, ಗೊಂಬೆಗೆ ಟೋಪಿ ಹಾಕುವುದರಲ್ಲೇ ಕಾಲ ಕಳೆದು ನಿಮಿಷಕ್ಕೆ ಮೂರು ಲೆಕ್ಕ ಬರುವುದಾದರೆ ಅದು ಆಟ, ಅಭ್ಯಾಸ ಎನ್ನಲಾಗದು. ಜಾಹೀರಾತು ಬರುವ, ಹಣ ಕೇಳುವ, ಸಂಪರ್ಕ ಪಟ್ಟಿಗೆ ಅನುಮತಿ ಬೇಡುವ ಗಣಿತದ ಆ್ಯಪ್ ಮಗುವಿನ ಕೈಗೆ ಬೇಡವೇ ಬೇಡ.

ಮನೆಯಲ್ಲಿ ಒಂದೇ ಫೋನ್ ಇದ್ದರೆ

ಬಹಳಷ್ಟು ಮನೆಗಳ ಸ್ಥಿತಿ ಇದು: ಫೋನ್ ಅಪ್ಪನದು, ಹಗಲಿಡೀ ಹೊಲದಲ್ಲೋ ಕೆಲಸದಲ್ಲೋ ಇರುತ್ತದೆ, ಸಂಜೆ ಮನೆಗೆ ಬಂದಾಗ ಬ್ಯಾಟರಿ ಮುಗಿದಿರುತ್ತದೆ, ಮಕ್ಕಳು ಮೂವರು. ಆದರೂ ಮಗುವಿಗೆ ಹತ್ತು ನಿಮಿಷದಂತೆ ಅರ್ಧ ಗಂಟೆ ಸಾಕು. ಊಟಕ್ಕೆ ಮುಂಚೆ ಎಂದು ಹೊತ್ತು ಗೊತ್ತುಮಾಡಿ. ಶುರು ಮಾಡುವಾಗ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಕರೆ, ಜಾಹೀರಾತು, ಯೂಟ್ಯೂಬ್ ಯಾವುದೂ ನಡುವೆ ಬರುವುದಿಲ್ಲ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಪಿನ್ನಿಂಗ್’ ಎಂಬ ಸೌಲಭ್ಯವಿದೆ. ಅದನ್ನು ಹಾಕಿ, ತೆಗೆಯುವಾಗ ಪಿನ್ ಕೇಳುವ ಆಯ್ಕೆಯನ್ನೂ ಒತ್ತಿದರೆ ಲಾಕ್ ತೆಗೆಯದೆ ಮಗುವಿಗೆ ಆ ಆ್ಯಪ್‌ನಿಂದ ಹೊರಗೆ ಹೋಗಲಾಗದು.

ಆ ಹತ್ತು ನಿಮಿಷವನ್ನು ಮೂರು ಪಾಲು ಮಾಡಿ. ಮೊದಲ ಎರಡು ನಿಮಿಷ ಬರುವ ಲೆಕ್ಕಗಳು, ಧೈರ್ಯ ಬರುತ್ತದೆ. ನಂತರದ ಆರು ನಿಮಿಷ ವಾರದ ನಾಲ್ಕು ಹೊಸ ಲೆಕ್ಕಗಳು, ಆದರೆ ಹಳೆಯವುಗಳ ನಡುವೆ ಬೆರೆಸಿ. ಒಂದು ಹೊಸದಕ್ಕೆ ಗೊತ್ತಿರುವ ಏಳೆಂಟು ಲೆಕ್ಕ ಇರಲಿ. ಬರೀ ಹೊಸದನ್ನೇ ಸುರಿದರೆ ಮಗು ಸೋತು ಫೋನ್ ಕೆಳಗಿಡುತ್ತದೆ. ಕೊನೆಯ ಎರಡು ನಿಮಿಷ ಫೋನ್ ಬದಿಗಿಟ್ಟು ಪಾಟಿಯಲ್ಲೋ ನೋಟ್‌ಬುಕ್ಕಿನಲ್ಲೋ ಅವೇ ನಾಲ್ಕು ಲೆಕ್ಕ ಬರೆಸಿ. ಪರದೆಯ ಮೇಲೆ ಬಂದದ್ದು ಕಾಗದದ ಮೇಲೂ ಬರಬೇಕು. ಪರೀಕ್ಷೆ ಇರುವುದು ಕಾಗದದಲ್ಲಿ.

ಓದು ಬರದ ಅವ್ವ, ಅಜ್ಜಿ ಕೂಡ ಇದರಲ್ಲಿ ಕೈಜೋಡಿಸಬಹುದು. ನಾಲ್ಕು ಲೆಕ್ಕವನ್ನು ಚೀಟಿಯಲ್ಲಿ ಬರೆದು, ಹಿಂದೆ ಉತ್ತರ ಬರೆದು ಕೊಡಿ. ಅಂಕಿ ಓದಲು ಬಂದರೆ ಸಾಕು. ರೊಟ್ಟಿ ಬಡಿಯುತ್ತಲೇ ‘ಏಳೆಂಟ್ಲಿ ಎಷ್ಟ?’ ಎಂದು ಕೇಳಿದರೆ ಅದೂ ಅಭ್ಯಾಸವೇ.

ಬೀದರ್ ಜಿಲ್ಲೆಯ ಮಕ್ಕಳಿಗೆ ಇನ್ನೊಂದು ವಿಶೇಷವಿದೆ. ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಮನೆಯಲ್ಲಿ ಲಂಬಾಣಿ ಆಡಿ ಶಾಲೆಯಲ್ಲಿ ಕನ್ನಡದಲ್ಲಿ ಎಣಿಸುವ ಮಕ್ಕಳೂ ಇದ್ದಾರೆ. ಇಂಥಲ್ಲಿ ಮಗ್ಗಿಯನ್ನು ಒಂದು ಭಾಷೆಯಲ್ಲಿ ಗಟ್ಟಿ ಮಾಡಿ. ಮಗು ಶಾಲೆಯಲ್ಲಿ ಬಾಯಿಬಿಟ್ಟು ಹೇಳುವ ಭಾಷೆಯನ್ನೇ ಆ್ಯಪ್‌ನಲ್ಲೂ ಇಟ್ಟುಕೊಳ್ಳಿ. ಎರಡು ಭಾಷೆಯಲ್ಲಿ ಅರ್ಧರ್ಧ ಕಲಿತರೆ ಪ್ರತಿ ಲೆಕ್ಕಕ್ಕೂ ಮನಸ್ಸಿನಲ್ಲೇ ಒಂದು ಅನುವಾದ ನಡೆಯುತ್ತದೆ, ವೇಗ ಅಲ್ಲೇ ಹೋಗುತ್ತದೆ.

ಶಾಲೆಯಲ್ಲಿ ನಾಲ್ಕು ಕಂಪ್ಯೂಟರ್, ನಲವತ್ತು ಮಕ್ಕಳು

ಎಲ್ಲರಿಗೂ ಒಂದೊಂದು ಯಂತ್ರ ಸಿಗುವವರೆಗೆ ಕಾಯಬೇಡಿ. ಗುಜರಾತಿನ ವಡೋದರಾದ ಸರ್ಕಾರಿ ಶಾಲೆಗಳಲ್ಲಿ 2002ರಿಂದ ಎರಡು ವರ್ಷ ಪ್ರಥಮ್ ಸಂಸ್ಥೆ ನಡೆಸಿದ ಪ್ರಯೋಗದಲ್ಲಿ ನಾಲ್ಕನೇ ತರಗತಿಯ ಮಕ್ಕಳು ವಾರಕ್ಕೆ ಎರಡು ಗಂಟೆ, ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂತು ಗಣಿತದ ಆಟ ಆಡಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಗಣಿತದ ಅಂಕಗಳು ಚೆನ್ನಾಗಿಯೇ ಏರಿದ್ದವು. ಆದರೆ ಕಾರ್ಯಕ್ರಮ ನಿಂತು ಒಂದು ವರ್ಷವಾಗುವಷ್ಟರಲ್ಲಿ ಆ ಲಾಭದ ಬಹುಪಾಲು ಕರಗಿತ್ತು. ಇಬ್ಬರು ಒಂದೇ ಯಂತ್ರದಲ್ಲಿ ಕಲಿಯಬಹುದು ಎಂಬುದು ಅದರ ಮೊದಲ ಪಾಠ. ಬಿಟ್ಟರೆ ಮರೆಯುತ್ತದೆ ಎಂಬುದು ಎರಡನೆಯದು.

ಇಬ್ಬರು ಕೂತಾಗ ಕೀಲಿಮಣೆ ಒಬ್ಬರ ಪಾಲಾಗದಂತೆ ನೋಡಿಕೊಳ್ಳಿ. ಹತ್ತು ಲೆಕ್ಕಕ್ಕೊಮ್ಮೆ ಜಾಗ ಬದಲಿ. ಒತ್ತುವವರು ಒತ್ತುವ ಮುಂಚೆ ಉತ್ತರವನ್ನು ಬಾಯಲ್ಲಿ ಹೇಳಬೇಕು, ಪಕ್ಕದವರು ತಪ್ಪಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ನಾಲ್ಕು ಕಂಪ್ಯೂಟರ್ ಇದ್ದರೆ ಎಂಟು ಮಕ್ಕಳು ಅಲ್ಲಿ, ಉಳಿದವರು ಕಾರ್ಡಿನಲ್ಲಿ, ಕಿಟ್‌ನಲ್ಲಿ, ನೋಟ್‌ಬುಕ್ಕಿನಲ್ಲಿ. ಹನ್ನೆರಡು ನಿಮಿಷಕ್ಕೊಮ್ಮೆ ಗುಂಪು ತಿರುಗಲಿ. ಒಂದು ಅವಧಿಯಲ್ಲಿ ಮೂರು ಗುಂಪು ಮುಗಿಯುತ್ತದೆ, ಎರಡು ದಿನದಲ್ಲಿ ತರಗತಿಯೇ ಮುಗಿಯುತ್ತದೆ.

ತಪ್ಪು ಉತ್ತರ ಏನು ಹೇಳುತ್ತದೆ?

7×8 ಬಂದಾಗ ಮಗು 54 ಒತ್ತಿತು ಎಂದುಕೊಳ್ಳಿ. ಪರದೆ ಕೆಂಪಾಯಿತು, 56 ಎಂದು ತೋರಿಸಿತು, ಮುಂದಿನ ಲೆಕ್ಕ ಬಂತು. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ನಿಮ್ಮದು ಅಲ್ಲಿಂದ ಶುರು. 54 ಆರೊಂಬತ್ಲಿಯ ಉತ್ತರ. ನೆರೆಯ ಎರಡು ಲೆಕ್ಕ ಮಗುವಿನ ನೆನಪಿನಲ್ಲಿ ಕಲಸಿಹೋಗಿವೆ. ಅವೆರಡನ್ನೂ ಒಂದೇ ದಿನ ಅಕ್ಕಪಕ್ಕ ಇಟ್ಟು ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

48 ಒತ್ತಿದ್ದರೆ ಕಥೆ ಬೇರೆ: ಎಂಟೆಂಟಾಗಿ ಏರುವಾಗ ಒಂದು ಮೆಟ್ಟಿಲು ತಪ್ಪಿದೆ, ಅಂದರೆ ಮಗು ಇನ್ನೂ ಎಣಿಸುತ್ತಿದೆ. ಅದನ್ನು ಮತ್ತೆ ಚುಕ್ಕೆಗಳ ಸಾಲಿಗೆ ಕರೆದೊಯ್ಯಿರಿ. 15 ಒತ್ತಿದ್ದರೆ ಗುಣಿಸುವ ಚಿಹ್ನೆಯನ್ನೇ ಕೂಡುವ ಚಿಹ್ನೆ ಎಂದು ನೋಡಿದೆ. ಒಂದೇ ಲೆಕ್ಕ, ಮೂರು ತಪ್ಪು, ಮೂರು ಮದ್ದು. ಆ್ಯಪ್‌ಗೆ ಮೂರೂ ಒಂದೇ ಕೆಂಪು.

ಹಾಗಾಗಿ ವಾರಕ್ಕೊಮ್ಮೆ ಮಗುವಿನ ಪಕ್ಕದಲ್ಲಿ ಎರಡು ನಿಮಿಷ ಸುಮ್ಮನೆ ಕೂತು ನೋಡಿ. ತುಟಿ ಅಲುಗುತ್ತಿದೆಯೇ, ಮೇಜಿನಡಿ ಬೆರಳು ಮಡಚುತ್ತಿದೆಯೇ, ಒಂದೇ ಉತ್ತರವನ್ನು ಸಿಕ್ಕಸಿಕ್ಕಲ್ಲಿ ಒತ್ತುತ್ತಿದೆಯೇ? ಆ್ಯಪ್ ತೋರಿಸುವ ನಕ್ಷತ್ರಗಳಿಗಿಂತ ಇದು ಹೆಚ್ಚು ಹೇಳುತ್ತದೆ.

ಗಡಿಯಾರ ಯಾವಾಗ?

ವೇಗ ಬೇಕು, ಭಯ ಬೇಡ. ಇನ್ನೂ ಕಲಿಯುತ್ತಿರುವ ಲೆಕ್ಕಕ್ಕೆ ಗಡಿಯಾರ ಇಟ್ಟರೆ ಮಗು ಗಾಬರಿಯಿಂದ ಊಹಿಸತೊಡಗುತ್ತದೆ, ಆ ತಪ್ಪೇ ಅಭ್ಯಾಸವಾಗುತ್ತದೆ. ಹಾಗೆಂದು ಗಡಿಯಾರವೇ ಬೇಡವೆಂದಲ್ಲ. ಅಮೆರಿಕದ ಶಿಕ್ಷಣ ಇಲಾಖೆಯ ಸಂಶೋಧನಾ ವಿಭಾಗ ಗಣಿತದಲ್ಲಿ ಹಿಂದುಳಿದ ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ 2021ರಲ್ಲಿ ಹೊರತಂದ ಮಾರ್ಗದರ್ಶಿ ಸಮಯ ಮಿತಿಯ ಅಭ್ಯಾಸವನ್ನು ಶಿಫಾರಸು ಮಾಡಿದೆ. ನನ್ನ ಸಲಹೆ ಇಷ್ಟು: ಮಗು ಒಂದು ಲೆಕ್ಕವನ್ನು ನಾಲ್ಕು ದಿನ ತಪ್ಪದೆ ಹೇಳಿದ ಮೇಲೆ ಗಡಿಯಾರ ಹಾಕಿ. ಪಂದ್ಯ ಪಕ್ಕದ ಮಗುವಿನ ಜೊತೆ ಬೇಡ, ಮಗುವಿನದೇ ನಿನ್ನೆಯ ಅಂಕದ ಜೊತೆ ಇರಲಿ. ತರಗತಿಯ ಗೋಡೆಗೆ ‘ಮೊದಲು ಬಂದವರ’ ಪಟ್ಟಿ ಅಂಟಿಸಿದರೆ ಮೇಲಿನ ಐವರು ಹಿಗ್ಗುತ್ತಾರೆ, ಕೆಳಗಿನ ಹದಿನೈದು ಮಕ್ಕಳು ಗಣಿತವನ್ನೇ ಬಿಡುತ್ತಾರೆ.

ಫಲ ಬಂದಿದೆಯೇ ಎಂದು ತಿಳಿಯುವುದು ಹೇಗೆ?

ಆ್ಯಪ್‌ನ ಲೆವೆಲ್ ನಂಬಬೇಡಿ. ಹದಿನೈದು ದಿನಕ್ಕೊಮ್ಮೆ ಒಂದು ಹಾಳೆ, ಇಪ್ಪತ್ತು ಲೆಕ್ಕ, ಒಂದು ನಿಮಿಷ. ಇಪ್ಪತ್ತೂ ಮುಗಿದರೆ ಲೆಕ್ಕಕ್ಕೆ ಮೂರು ಸೆಕೆಂಡು; ಅದೇ ಗುರಿ. ಚಿಕ್ಕ ಮಕ್ಕಳಿಗೆ ಬರೆಯುವ ವೇಗವೇ ಕಡಿಮೆ ಇರುತ್ತದೆ. ಅಂಥವರಿಗೆ ಮೊದಲು ಒಂದು ನಿಮಿಷ ಬರೀ ಅಂಕಿ ನಕಲು ಮಾಡಿಸಿ, ಎಷ್ಟು ಬರೆಯುತ್ತಾರೆ ನೋಡಿ. ನಕಲೇ ಹದಿನೈದಕ್ಕೆ ನಿಂತರೆ ಲೆಕ್ಕ ಇಪ್ಪತ್ತಾಗಬೇಕೆಂದು ಬಯಸುವುದು ಅನ್ಯಾಯ, ಬಾಯಲ್ಲಿ ಕೇಳಿ.

ಮೊದಲ ದಿನದ 41ರ ಪಟ್ಟಿ ನೆನಪಿದೆಯಲ್ಲ? ಪಕ್ಕಾ ಆದವಕ್ಕೆ ಮಗುವೇ ಬಣ್ಣ ಹಚ್ಚಲಿ. ವಡೋದರಾದ ಪಾಠದಂತೆ, ಬಣ್ಣ ಹಚ್ಚಿದ್ದನ್ನೂ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಕೇಳುತ್ತಿರಿ. ತಪ್ಪಿದರೆ ಮತ್ತೆ ದಿನದ ಪಟ್ಟಿಗೆ ಸೇರಲಿ.

ಬೇರೆ ಕಡೆಯ ಅನುಭವ

ದೆಹಲಿಯಲ್ಲಿ 2015ರಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶದ ಕೇಂದ್ರಗಳಿಗೆ ಹೋದ ಮಕ್ಕಳನ್ನು ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ನಾಲ್ಕೂವರೆ ತಿಂಗಳಲ್ಲೇ ಗಣಿತದಲ್ಲಿ ದೊಡ್ಡ ಸುಧಾರಣೆ ಕಂಡಿತು. ತಂತ್ರಾಂಶ ಮಗು ಯಾವ ತರಗತಿಯಲ್ಲಿದೆ ಎಂದು ನೋಡದೆ, ಅದಕ್ಕೆ ಎಷ್ಟು ಬರುತ್ತದೆ ಎಂಬುದರಿಂದ ಪ್ರಶ್ನೆ ಶುರು ಮಾಡುತ್ತಿತ್ತು. ಅರ್ಧ ಹೊತ್ತು ಪರದೆ, ಅರ್ಧ ಹೊತ್ತು ಸಹಾಯಕರ ಜೊತೆ ಚಿಕ್ಕ ಗುಂಪಿನ ಕಲಿಕೆ ನಡೆಯುತ್ತಿತ್ತು. ಇನ್ನೊಂದು ಕಡೆ, ಪೆರು ದೇಶದ ಹಳ್ಳಿ ಶಾಲೆಗಳಿಗೆ ಮಕ್ಕಳಿಗೊಂದರಂತೆ ಲ್ಯಾಪ್‌ಟಾಪ್ ಹಂಚಿದ ಯೋಜನೆಯ ಮೌಲ್ಯಮಾಪನ 2012ರಲ್ಲಿ ಬಂದಾಗ ಗಣಿತದಲ್ಲಿ ಏನೂ ಬದಲಾವಣೆ ಕಾಣಲಿಲ್ಲ. ಯಂತ್ರ ಕೊಟ್ಟದ್ದಷ್ಟೇ ಆಗಿತ್ತು, ಯಾವುದಕ್ಕೆ ಹೇಗೆ ಎಂಬ ಯೋಜನೆ ಇರಲಿಲ್ಲ.

ಸ್ಮಾರ್ಟ್‌ಫೋನ್ ಇಲ್ಲದ ಮನೆಗೂ ದಾರಿಯಿದೆ. 2020ರಲ್ಲಿ ಶಾಲೆ ಮುಚ್ಚಿದಾಗ ಬೋಟ್ಸ್‌ವಾನಾ ದೇಶದಲ್ಲಿ ವಾರಕ್ಕೊಮ್ಮೆ ಸುಮಾರು ಇಪ್ಪತ್ತು ನಿಮಿಷ ಸಾದಾ ಫೋನಿನಲ್ಲಿ ಮಾತಾಡಿ, ಜೊತೆಗೆ ಎಸ್ಸೆಮ್ಮೆಸ್ ಕಳಿಸಿ ಮೂಲ ಲೆಕ್ಕ ಕಲಿಸಿದರು, ಮಕ್ಕಳು ಸುಧಾರಿಸಿದರು. ಬರೀ ಎಸ್ಸೆಮ್ಮೆಸ್ ಕಳಿಸಿದ ಮನೆಗಳಲ್ಲಿ ಅಂಥ ಫಲ ಕಾಣಲಿಲ್ಲ. ನಮ್ಮ ರಾಜ್ಯದ ಶಾಲಾ ಶಿಕ್ಷಣ ಇಲಾಖೆಯ ‘ಗಣಿತ ಗಣಕ’ ಇದೇ ಜಾಡಿನದು: 3ರಿಂದ 5ನೇ ತರಗತಿಯ ಮಕ್ಕಳಿಗೆ ಶಾಲಾ ಅವಧಿಯ ಆಚೆ ಶಿಕ್ಷಕರು ಫೋನ್ ಮಾಡಿ ಲೆಕ್ಕ ಹೇಳಿಕೊಡುತ್ತಾರೆ. ನಿಮ್ಮ ಮಗುವಿನ ಶಾಲೆಯಲ್ಲಿ ಇದು ನಡೆಯುತ್ತಿದ್ದರೆ ಆ ಹೊತ್ತಿಗೆ ಫೋನ್ ಮನೆಯಲ್ಲಿರುವಂತೆ ನೋಡಿಕೊಳ್ಳಿ.

ಸಂತೆಯ ಲೆಕ್ಕ, ಮಹಾವೀರಾಚಾರ್ಯನ ಲೆಕ್ಕ

ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಕುರಿತ ಅಧ್ಯಯನವೊಂದು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ತರಕಾರಿಯ ತೂಕ, ಚಿಲ್ಲರೆಯ ಲೆಕ್ಕವನ್ನು ಬಾಯಲ್ಲೇ ಮಾಡುವ ಈ ಮಕ್ಕಳು ಅದೇ ಬಗೆಯ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟಾಗ ತಡವರಿಸಿದರು. ಶಾಲೆಯ ಲೆಕ್ಕದಲ್ಲಿ ಮುಂದಿದ್ದ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು. ಆ್ಯಪ್‌ನಲ್ಲಿ ಕಲಿತ ಮಗ್ಗಿಯೂ ಹೀಗೆ ಪರದೆಯಲ್ಲೇ ಉಳಿಯಬಹುದು. ಸಂತೆಗೆ ಮಗುವನ್ನು ಕರೆದೊಯ್ದಾಗ ‘ಕಿಲೋಗೆ ಎಂಟು ರೂಪಾಯಿ ಜಾಸ್ತಿ ಆಗ್ಯಾದ, ಏಳು ಕಿಲೋಗೆ ಎಷ್ಟ ಜಾಸ್ತಿ?’ ಎಂದು ಕೇಳಿ. ವಾರದ ನಾಲ್ಕು ಲೆಕ್ಕಗಳಲ್ಲಿ ಒಂದಾದರೂ ಬೀದಿಯಲ್ಲಿ ಬಳಕೆಯಾಗಲಿ.

41 ಮುಗಿಸಿದ ಮಗುವಿಗೆ ಬಹುಮಾನವಾಗಿ ಇನ್ನೊಂದು ಬಗೆಯ ಲೆಕ್ಕ ಕೊಡಿ. ಅದರ ನಂಟು ನಮ್ಮ ನೆಲದ್ದೇ. ರಾಷ್ಟ್ರಕೂಟ ಅರಸರ ಮಯೂರಖಂಡಿ ಈಗಿನ ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯೇ ಎಂದು ಗುರುತಿಸುವ ಇತಿಹಾಸಕಾರರಿದ್ದಾರೆ. ಅದೇ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಉತ್ತರವು ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ಆಗಿ ಕಾಣುವ ಗುಣಾಕಾರಗಳಿವೆ: 139×109 ಮಾಡಿದರೆ 15151. 152207×73 ಮಾಡಿದರೆ ಎಂಟು ಒಂದುಗಳು, 11111111. ಮಗ್ಗಿ ಪಕ್ಕಾ ಇರುವ ಮಗು ಇದನ್ನು ಕಾಗದದ ಮೇಲೆ ತಾನೇ ಮಾಡಿ ಉತ್ತರ ಕಂಡಾಗ ಸಿಗುವ ಖುಷಿ ಯಾವ ಆ್ಯಪ್‌ನ ನಕ್ಷತ್ರದಲ್ಲೂ ಇಲ್ಲ. ಮಗ್ಗಿ ಕಲಿಯುವುದು ಇಂಥ ಲೆಕ್ಕದೊಳಗೆ ಧೈರ್ಯವಾಗಿ ಕಾಲಿಡಲಿಕ್ಕೆ.

ಕೊನೆಯದಾಗಿ ಒಂದು ವಿನಂತಿ. ಇದನ್ನು ಓದಿ ಇವತ್ತೇ ಹೊಸ ಆ್ಯಪ್ ಹುಡುಕಲು ಹೋಗಬೇಡಿ. ಈ ಭಾನುವಾರ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು 41 ಲೆಕ್ಕಗಳನ್ನು ಕೇಳಿ, ಬಾರದವುಗಳಲ್ಲಿ ನಾಲ್ಕನ್ನು ಆರಿಸಿ. ಸೋಮವಾರದಿಂದ ಆ ನಾಲ್ಕನ್ನು ಬರುವ ಲೆಕ್ಕಗಳ ನಡುವೆ ಬೆರೆಸಿ ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಿಸಿ. ವಾರದ ಕೊನೆಗೆ ಕಾಗದದ ಮೇಲೆ ಬರೆಸಿ ನೋಡಿ. ನಾಲ್ಕರಲ್ಲಿ ಮೂರು ಬಂದರೂ ನೀವು ಸರಿಯಾದ ದಾರಿಯಲ್ಲಿದ್ದೀರಿ. ಒಂದೂ ಬಾರದಿದ್ದರೆ ಫೋನ್ ಬದಿಗಿಟ್ಟು ಮತ್ತೆ ಕಾಳಿನಿಂದ ಶುರು ಮಾಡಿ.